ಬಾರ್ಬಡೋಸ್‌ನಲ್ಲಿ ಬಾಡಿಗೆ ಕಾರನ್ನು ನಾವೇ ಓಡಿಸಬಹುದೇ?

ಬೆಂಗಳೂರಿನಲ್ಲಿ ಹತ್ತು ವರ್ಷ ಕಾರು ಓಡಿಸಿರುವ ನೀವು, ಬಾರ್ಬಡೋಸ್‌ನಲ್ಲಿ ಕಳೆಯಲಿರುವ ಒಂದು ವಾರಕ್ಕೆ ಬಾಡಿಗೆ ಕಾರು ಪಡೆಯುವುದು ಸರಿಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಪಡೆಯಿರಿ. ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಸಾಗುತ್ತವೆ, ಸ್ಟೀರಿಂಗ್ ಬಲಕ್ಕಿರುತ್ತದೆ. ನಿಮ್ಮ ಲೈಸೆನ್ಸ್ ತೋರಿಸಿದರೆ ಪ್ರವಾಸಿಗರ ಪರವಾನಗಿಯನ್ನು ಸಾಮಾನ್ಯವಾಗಿ ಕಾರು ಕೊಡುವವರೇ ಮಾಡಿಸಿಕೊಡುತ್ತಾರೆ. ಬಾಡಿಗೆ ಹೇಳುವಾಗ ಬರಿದೇ ‘ಡಾಲರ್’ ಎಂದರೆ ಯಾವ ದೇಶದ ಡಾಲರ್ ಎಂದು ಕೇಳಿಕೊಳ್ಳಿ, ಏಕೆಂದರೆ ಅಮೆರಿಕದ ಒಂದು ಡಾಲರ್ ಅಲ್ಲಿನ ಎರಡಕ್ಕೆ ಸಮ.

ಎಬಿಸಿ ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 80 ಕಿ.ಮೀ. ಇದ್ದರೂ ವೃತ್ತಗಳು ಒಂದರ ಹಿಂದೊಂದು ಬರುತ್ತವೆ. ದ್ವೀಪದ ವೃತ್ತಗಳಲ್ಲಿ ಸೋಬರ್ಸ್, ವೀಕ್ಸ್, ವಾಲ್ಕಾಟ್ ಅವರ ಹೆಸರಿನವೂ ಇವೆ. ಕ್ರಿಕೆಟ್ ಪ್ರೇಮಿಯಾದರೆ ಪುಳಕಗೊಳ್ಳುವ ಮೊದಲು ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ. ಮೊದಲು ಮೂತಿ ತೂರಿಸಿದವನೇ ಮುಂದೆ ಎಂಬ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ಝಡ್‌ಆರ್ ಎಂದು ಕರೆಯುವ ಬಿಳಿ ವ್ಯಾನುಗಳ ಹಿಂದೆ ಮಾತ್ರ ಅಂತರವಿರಲಿ. ಕೈ ಅಡ್ಡ ಹಿಡಿದವರಿಗಾಗಿ ಅವು ಗಕ್ಕನೆ ನಿಂತುಬಿಡುತ್ತವೆ.

ನಿಜವಾದ ಕಷ್ಟ ಒಳನಾಡಿನ ರಸ್ತೆಗಳದ್ದು. ಬಾತ್‌ಶೀಬಾ ಕಡಲತೀರಕ್ಕೆ ಹೋಗುವಾಗ ಫೋನಿನ ನಕ್ಷೆ ತೋರಿಸಿದ ಅಡ್ಡದಾರಿಯನ್ನು ನಂಬಿದೆ. ಎರಡೂ ಕಡೆ ಆಳೆತ್ತರದ ಕಬ್ಬು ಬೆಳೆದು ನಿಂತಿದ್ದ ಆ ಓಣಿಯ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಾಗ, ರಿವರ್ಸ್ ತೆಗೆಯುತ್ತ ಕಾರನ್ನು ಅಂಚಿಗೆ ಒತ್ತಿದೆ. ಹುಲ್ಲಿನಡಿ ಅಡಗಿದ್ದ ಕಲ್ಲಿಗೆ ಎಡಗಡೆಯ ಹಿಂದಿನ ಟೈರಿನ ಪಕ್ಕೆ ಸೀಳಿತು. ಬಸ್ಸಿನ ಚಾಲಕ ಎರಡು ಬಾರಿ ಮೆಲ್ಲಗೆ ಹಾರ್ನ್ ಮಾಡಿ ಹೋದ. ಬೈದನೆಂದೇ ತಿಳಿದಿದ್ದೆ, ಅದು ಅಲ್ಲಿ ಧನ್ಯವಾದ ಹೇಳುವ ರೀತಿಯಂತೆ! ಟೈರಿನ ಹಣವನ್ನು ಠೇವಣಿಯಲ್ಲಿ ಮುರಿದುಕೊಂಡರು: ವಿಮೆಗೆ ಟೈರು ಸೇರಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ನೀವು ಸಹಿ ಹಾಕುವ ಮೊದಲೇ ಕೇಳಿ, ಕಾರಿನ ನಾಲ್ಕೂ ಬದಿಯ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ದಾರಿ ತಪ್ಪಿದರೆ ಗಾಬರಿ ಬೇಡ. ದ್ವೀಪದ ಉದ್ದ ಸುಮಾರು 34 ಕಿ.ಮೀ. ಮಾತ್ರ. ಬಸ್ ನಿಲ್ದಾಣದ ಕಂಬಗಳ ಮೇಲೆ ‘ಟು ಸಿಟಿ’ ಅಥವಾ ‘ಔಟ್ ಆಫ್ ಸಿಟಿ’ ಎಂದು ಬರೆದಿರುತ್ತದೆ. ಮೊದಲನೆಯದು ರಾಜಧಾನಿ ಬ್ರಿಜ್‌ಟೌನ್ ಕಡೆಗೆ, ಎರಡನೆಯದು ಅದರಿಂದಾಚೆಗೆ. ಟೈರು ಬದಲಿಸಿದ ಮೇಲೆ ನಾನು ನಕ್ಷೆಯನ್ನು ಮುಚ್ಚಿ, ಆ ಕಂಬಗಳನ್ನು ನೋಡಿಕೊಂಡೇ ಕತ್ತಲಾಗುವುದರೊಳಗೆ ಊರು ಸೇರಿದೆ.