ಬೀಜಕ್ಕೆ ಬಿಸಿ, ಸಸಿಗೆ ಬೆಳಕು: ಮನೆಯೊಳಗೆ ತರಕಾರಿ ಸಸಿ ಮಾಡುವವರ ಪ್ರಶ್ನೆಗಳು

ಪ್ರಶ್ನೆ: ನಾವು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇವೆ. ಹೋದ ವರ್ಷ ಮಾರ್ಚ್‌ನಲ್ಲಿ ಮೆಣಸಿನಕಾಯಿ, ಬದನೆ, ಟೊಮೆಟೊ ಬೀಜಗಳನ್ನು ಕಪ್‌ಗಳಿಗೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆವು. ಮೂರು ವಾರ ಕಾದರೂ ಮೆಣಸಿನಕಾಯಿ, ಬದನೆ ಮೊಳೆಯಲೇ ಇಲ್ಲ. ಟೊಮೆಟೊ ಮೊಳೆಯಿತು, ಆದರೆ ದಾರದ ಹಾಗೆ ಉದ್ದಕ್ಕೆ ಬೆಳೆದು ಬಿದ್ದುಹೋಯಿತು. ಈ ಸಲ ಬೇಸ್‌ಮೆಂಟಿನಲ್ಲಿ ನಾವೇ ದೀಪ, ಬಿಸಿ ಎಲ್ಲಾ ಹೊಂದಿಸಿಕೊಳ್ಳಬೇಕು ಅಂದುಕೊಂಡಿದ್ದೇವೆ. ಹೇಗೆ ಮಾಡಬೇಕು, ಯಾವಾಗ ಶುರು ಮಾಡಬೇಕು?

ಉತ್ತರ: ನಿಮಗೆ ಆಗಿದ್ದು ಎರಡು ಬೇರೆ ಬೇರೆ ತೊಂದರೆ. ಮೆಣಸಿನಕಾಯಿ, ಬದನೆ ಮೊಳೆಯದೇ ಇದ್ದದ್ದು ಬಿಸಿ ಸಾಲದೆ. ಟೊಮೆಟೊ ಸೊರಗಿ ಬಿದ್ದದ್ದು ಬೆಳಕು ಸಾಲದೆ. ತುಂಬಾ ಜನ ಎರಡನ್ನೂ ಕಿಟಕಿಯೇ ಕೊಡುತ್ತದೆ ಅಂದುಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ನಿಮ್ಮ ಊರಿನ ಕಿಟಕಿ ಎರಡನ್ನೂ ಕೊಡುವುದಿಲ್ಲ. ಹಗಲು ಬಿಸಿಲು ಬಿದ್ದರೂ ರಾತ್ರಿ ಗಾಜಿನ ಪಕ್ಕದ ಮಣ್ಣು ತಣ್ಣಗಾಗಿಬಿಡುತ್ತದೆ.

ಮೊದಲು ಬಿಸಿಯ ಮಾತು. ಇಲ್ಲಿ ಲೆಕ್ಕಕ್ಕೆ ಬರುವುದು ಕೋಣೆಯ ಗಾಳಿಯಲ್ಲ, ಬೀಜ ಕೂತಿರುವ ಮಣ್ಣು. ಮಣ್ಣು 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಟೊಮೆಟೊ ಮೊಳೆಯಲು ಸುಮಾರು 14 ದಿನ ಬೇಕು, ಮೆಣಸಿನಕಾಯಿಗೆ ಸುಮಾರು 25 ದಿನ. ಬದನೆ ಅಷ್ಟು ತಣ್ಣಗಿನ ಮಣ್ಣಲ್ಲಿ ಮೇಲೆ ಬರುವುದೇ ಇಲ್ಲ. ಅದೇ ಮಣ್ಣನ್ನು 25 ಡಿಗ್ರಿಗೆ ತಂದರೆ ಟೊಮೆಟೊ ಆರೇ ದಿನಕ್ಕೆ ಮೊಳೆಯುತ್ತದೆ, ಮೆಣಸಿನಕಾಯಿ ಮತ್ತು ಬದನೆ ಎಂಟು ದಿನದ ಸುಮಾರಿಗೆ. 30 ಡಿಗ್ರಿಯಲ್ಲಿ ಬದನೆಗೆ ಐದೇ ದಿನ ಸಾಕು. ನಿಮ್ಮ ಬೀಜ ಕೆಟ್ಟಿರಲಿಲ್ಲ, ಚಳಿಗೆ ಸುಮ್ನೆ ಕೂತಿತ್ತು ಅಷ್ಟೇ. ಹಸಿ ಮಣ್ಣಲ್ಲಿ ವಾರಗಟ್ಟಲೆ ಕೂತ ಬೀಜ ಆಮೇಲೆ ಕೊಳೆತೂ ಹೋಗುತ್ತದೆ.

ಹಾಗಾಗಿ ಮಣ್ಣನ್ನು 25ರಿಂದ 30 ಡಿಗ್ರಿಯೊಳಗೆ ಇಡಬೇಕು. ನಿಮ್ಮ ಕಡೆಯ ಲೆಕ್ಕದಲ್ಲಿ 80 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ. ಇದಕ್ಕೆ ನಿಮ್ಮ ಮನೆಯಲ್ಲೇ ಒಂದು ದಾರಿ ಇದೆ, ಬಹುಶಃ ನೀವು ಈಗಾಗಲೇ ಬಳಸುತ್ತಿದ್ದೀರಿ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗಲಿ ಅಂತ ಓವನ್ನಿನ ಒಳಗೆ ಬರೀ ದೀಪ ಹಾಕಿ ಇಡುತ್ತೀರಲ್ವಾ? ಹಿಟ್ಟು ಉಬ್ಬುವ ಆ ಬೆಚ್ಚಗೆ ಮೆಣಸಿನಕಾಯಿ ಬೀಜಕ್ಕೂ ಒಗ್ಗುತ್ತದೆ. ಬಿತ್ತಿದ ಟ್ರೇಗೆ ಪ್ಲಾಸ್ಟಿಕ್ ಹೊದಿಸಿ ಒಳಗಿಡಿ. ಮೊದಲ ದಿನ ಅಡುಗೆಯ ಥರ್ಮಾಮೀಟರನ್ನು ಮಣ್ಣಿಗೆ ಚುಚ್ಚಿ ನೋಡಿ. ಕೆಲವು ಓವನ್ ದೀಪಗಳು ಜಾಸ್ತಿ ಬಿಸಿ ಮಾಡುತ್ತವೆ. 32 ದಾಟಿದರೆ ದೀಪ ಆರಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ಹಾಕಿ. ಓವನ್ನಿನ ಗುಬುಟಿಯ ಮೇಲೆ ‘ಒಳಗೆ ಬೀಜ ಇದೆ’ ಅಂತ ಚೀಟಿ ಅಂಟಿಸುವುದನ್ನು ಮಾತ್ರ ಮರೆಯಬೇಡಿ. ಮನೆಯವರು ಯಾರಾದರೂ ಗೊತ್ತಿಲ್ಲದೆ ಓವನ್ ಹಚ್ಚಿದರೆ ಎಲ್ಲಾ ಮುಗಿದ ಹಾಗೆ. ಇನ್‌ಸ್ಟಂಟ್ ಪಾಟ್ ಅನ್ನುವ ಕರೆಂಟಿನ ಕುಕ್ಕರಿನ ಮೊಸರಿನ ಸೆಟ್ಟಿಂಗ್ ಬೇಡ, ಅದು 40 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಬೀಜಕ್ಕೆ ಅಷ್ಟು ಆಗದು.

ಓವನ್ ವಾರಗಟ್ಟಲೆ ಬಿಟ್ಟುಕೊಡಲು ಆಗದಿದ್ದರೆ ಪಿಕ್ನಿಕ್‌ಗೆ ಒಯ್ಯುವ ಐಸ್ ಬಾಕ್ಸ್ ಇದೆ. ಅದರೊಳಗೆ ಟ್ರೇ, ಪಕ್ಕದಲ್ಲಿ ಬಿಸಿನೀರು ತುಂಬಿದ ಎರಡು ಬಾಟಲಿ, ಮೇಲೆ ಮುಚ್ಚಳ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ನೀರು ಬದಲಾಯಿಸಿ. ತಂಪನ್ನು ಹಿಡಿದಿಡುವ ಪೆಟ್ಟಿಗೆ ಬಿಸಿಯನ್ನೂ ಹಿಡಿದಿಡುತ್ತದೆ.

ಕರೆಂಟಿನ ಬಿಸಿಯ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ದೀಪವನ್ನು ಮನೆಯಲ್ಲಿ ಹೊಂದಿಸಿಕೊಳ್ಳಿ, ಬಿಸಿ ಮಾಡುವ ಮ್ಯಾಟನ್ನು ಮಾತ್ರ ಸಸಿಗೆಂದೇ ಮಾಡಿದ್ದನ್ನು ಕೊಳ್ಳಿ. ಬೆನ್ನುನೋವಿಗೆ ಇಡುವ ಹೀಟಿಂಗ್ ಪ್ಯಾಡ್ ಒದ್ದೆ ಜಾಗಕ್ಕೆ ಮಾಡಿದ್ದಲ್ಲ. ಅದರಲ್ಲಿ ಬಹಳಷ್ಟು ತಾವಾಗಿಯೇ ಆರಿಹೋಗುತ್ತವೆ ಕೂಡ. ರಟ್ಟಿನ ಪೆಟ್ಟಿಗೆಯೊಳಗೆ ಹಳೇ ಬಲ್ಬು ಉರಿಸುವುದಂತೂ ಬೇಡವೇ ಬೇಡ, ಬೆಂಕಿ ಹತ್ತುತ್ತದೆ. ಸಸಿಯ ಮ್ಯಾಟ್ ಒಂದು ಟ್ರೇ ಅಗಲಕ್ಕೆ 20 ವಾಟ್ ಆಸುಪಾಸು ಎಳೆಯುತ್ತದೆ. ಮಣ್ಣನ್ನು ಕೋಣೆಗಿಂತ ಐದಾರು ಡಿಗ್ರಿ ಮೇಲಕ್ಕೆ ಏರಿಸುತ್ತದೆ. ಬೇಸ್‌ಮೆಂಟ್ 16 ಡಿಗ್ರಿ ಇದ್ದರೆ ಅದೊಂದೇ ಸಾಲದು, ಕೆಳಗೆ ಥರ್ಮಾಕೋಲ್ ಹಾಳೆ ಹಾಕಿ ಮೇಲೆ ಮುಚ್ಚಿಗೆ ಕೊಡಿ. ಇಲ್ಲವೇ ಮೊಳೆಯುವ ತನಕ ಟ್ರೇಯನ್ನು ಮೇಲಿನ ಮಹಡಿಯಲ್ಲೇ ಇಟ್ಟುಕೊಳ್ಳಿ. ಮೊಳೆಯುವ ಮುಂಚೆ ಈ ಬೀಜಗಳಿಗೆ ಬೆಳಕಿನ ಗೊಡವೆ ಇಲ್ಲ, ಕತ್ತಲೆ ಮೂಲೆಯಾದರೂ ಸರಿ.

ಇನ್ನು ಮುಖ್ಯವಾದ ಗಳಿಗೆ. ಮಣ್ಣಿನ ಮೇಲೆ ಮೊದಲ ಬಿಳಿ ಕೊಕ್ಕೆ ಕಂಡ ದಿನವೇ ಪ್ಲಾಸ್ಟಿಕ್ ತೆಗೆಯಿರಿ, ಬಿಸಿಯಿಂದ ಹೊರಗೆ ತನ್ನಿ, ದೀಪದ ಕೆಳಗೆ ಇಡಿ. ಎಲ್ಲಾ ಬೀಜ ಮೊಳೆಯಲಿ ಅಂತ ಕಾಯಬೇಡಿ. ಬೆಚ್ಚಗಿನ ಕತ್ತಲೆಯಲ್ಲಿ ಒಂದೇ ರಾತ್ರಿ ಕಳೆದರೂ ಟೊಮೆಟೊ ಸಸಿ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಒಮ್ಮೆ ಎಳೆದುಕೊಂಡ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಮೊಳೆತ ಮೇಲೆ ಹಗಲು 20-22, ರಾತ್ರಿ 17-18 ಡಿಗ್ರಿ ಇದ್ದರೆ ಸಸಿ ಗಟ್ಟಿಮುಟ್ಟಾಗಿ ಬರುತ್ತದೆ.

ದೀಪಕ್ಕೆ ದುಬಾರಿ ಸಾಮಾನು ಬೇಡ. ಗ್ಯಾರೇಜಿಗೆ ಹಾಕುವ ನಾಲ್ಕು ಅಡಿಯ ಎಲ್‌ಇಡಿ ಶಾಪ್ ಲೈಟ್ ಸಾಕು. ಡಬ್ಬದ ಮೇಲೆ 4000ದಿಂದ 5000 ಲೂಮೆನ್ (ಬೆಳಕು ಎಷ್ಟು ಅನ್ನುವ ಅಳತೆ), 4000ದಿಂದ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಒಳಗೆ ಇದೆಯಾ ನೋಡಿ. ಒಂದು ಕಪಾಟಿನ ಹಲಗೆಗೆ ಅಂಥ ಎರಡು ದೀಪ ಅಕ್ಕಪಕ್ಕ. ಅವನ್ನು ಚೈನ್ ಮತ್ತು ಕೊಕ್ಕೆಯಲ್ಲಿ ನೇತುಹಾಕಿ, ಮೊಳೆ ಹೊಡೆದು ಒಂದೇ ಕಡೆ ಬಿಗಿಯಬೇಡಿ. ಸಸಿ ಬೆಳೆದ ಹಾಗೆ ದೀಪವೂ ಮೇಲೇರಬೇಕು. ಎಲೆಯಿಂದ ಮೂರು-ನಾಲ್ಕು ಇಂಚು ಎತ್ತರದಲ್ಲಿರಲಿ. ಮನೆಯಲ್ಲಿ ದೀಪ ಕಟ್ಟಿಯೂ ಸಸಿ ಸೊರಗಿತು ಅನ್ನುವವರನ್ನು ಕೇಳಿದರೆ, ಹೆಚ್ಚಿನ ಸಲ ದೀಪ ಒಂದೂವರೆ ಅಡಿ ಮೇಲಿರುತ್ತದೆ. ನಮ್ಮ ಕಣ್ಣಿಗೆ ಕೋಣೆಯೆಲ್ಲ ಬೆಳಗಿದ ಹಾಗೆ ಕಾಣುತ್ತದೆ, ಎಲೆಗೆ ಮಾತ್ರ ಅದು ಮಬ್ಬು. ಅಂಗೈಯ ಹಿಂಭಾಗವನ್ನು ಎಲೆಯ ಮಟ್ಟದಲ್ಲಿ ಒಂದು ನಿಮಿಷ ಹಿಡಿಯಿರಿ. ಬಿಸಿ ತಾಗಿದರೆ ಒಂದು ಇಂಚು ಎತ್ತಿ.

ದಿನಕ್ಕೆ 14ರಿಂದ 16 ಗಂಟೆ ಬೆಳಕು ಕೊಡಿ, ಉಳಿದದ್ದು ಕತ್ತಲೆ. ಟೈಮರ್ ಹಾಕಿಬಿಟ್ಟರೆ ನೆನಪಿಡುವ ಕೆಲಸ ಇಲ್ಲ. 40 ವಾಟಿನ ಎರಡು ದೀಪ 16 ಗಂಟೆ ಉರಿದರೆ ದಿನಕ್ಕೆ 1.28 ಯೂನಿಟ್. ಎಂಟು ವಾರಕ್ಕೆ ಸುಮಾರು 72 ಯೂನಿಟ್ ಆಗುತ್ತದೆ. ಬೇಸ್‌ಮೆಂಟಿನಲ್ಲಿ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸುರಕ್ಷತೆಯ ಸ್ವಿಚ್) ಇರುವ ಪ್ಲಗ್ಗಿಗೇ ಸಿಕ್ಕಿಸಿ. ವೈರು ಪ್ಲಗ್ಗಿಗಿಂತ ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವ ಹಾಗಿರಲಿ. ಆಗ ನೀರು ಜಾರಿ ಬಂದರೂ ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಯಾವಾಗ ಶುರು ಮಾಡಬೇಕು ಅನ್ನುವುದನ್ನು ಹೊರಗೆ ನೆಡುವ ದಿನದಿಂದ ಹಿಂದಕ್ಕೆ ಎಣಿಸಿ. ನಿಮ್ಮಲ್ಲಿ ಮೇ ಕೊನೆಯ ಭಾಗಕ್ಕೆ ಮುಂಚೆ ಮೆಣಸಿನಕಾಯಿ, ಬದನೆ ನೆಲಕ್ಕೆ ಹಾಕಿದರೆ ರಾತ್ರಿಯ ಚಳಿಗೆ ಮಂಕಾಗಿ ನಿಂತುಬಿಡುತ್ತವೆ. ಅವಕ್ಕೆ ಎಂಟು ವಾರ ಬೇಕು, ಅಂದರೆ ಮಾರ್ಚ್ ಕೊನೆ. ಟೊಮೆಟೊಗೆ ಆರು ವಾರ ಸಾಕು, ಏಪ್ರಿಲ್ ಮೊದಲ ಹತ್ತು ದಿನದೊಳಗೆ ಬಿತ್ತಿ. ಫೆಬ್ರವರಿಯಲ್ಲೇ ಶುರು ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಕಪ್ಪಿನಲ್ಲೇ ಬೇರು ಸುತ್ತಿಕೊಂಡ ದೊಡ್ಡ ಸಸಿಗಿಂತ ಸಣ್ಣ, ದಪ್ಪ ಕಾಂಡದ ಸಸಿ ನೆಲದಲ್ಲಿ ಬೇಗ ಹತ್ತಿಕೊಳ್ಳುತ್ತದೆ. ನೆಡುವ ಮುಂಚೆ ಒಂದು ವಾರ ದಿನಕ್ಕಿಷ್ಟು ಅಂತ ಹೊರಗಿನ ಬಿಸಿಲು, ಗಾಳಿಗೆ ಪಳಗಿಸಿ. ಮೊದಲ ದಿನ ನೆರಳಲ್ಲಿ ಒಂದು ಗಂಟೆ ಸಾಕು.

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇನೆ. ಎದುರು ಬಿಲ್ಡಿಂಗ್ ಬಂದ ಮೇಲೆ ಬಾಲ್ಕನಿಗೆ ಬಿಸಿಲು ಎರಡು ಗಂಟೆಯೂ ಬೀಳುವುದಿಲ್ಲ. ನೇರಳೆ ಬಣ್ಣದ ಗ್ರೋ ಲೈಟ್ ಕೊಳ್ಳಲೇಬೇಕಾ? ಹೀಟಿಂಗ್ ಮ್ಯಾಟ್ ಕೂಡ ಬೇಕಾ?

ಉತ್ತರ: ಎರಡೂ ಬೇಡ. ಎಲೆ ಕೆಂಪು ಮತ್ತು ನೀಲಿ ಬೆಳಕನ್ನು ಜಾಸ್ತಿ ಬಳಸುತ್ತದೆ ಅನ್ನುವುದು ನಿಜ. ಆ ನೇರಳೆ ದೀಪ ಹುಟ್ಟಿದ್ದು ಅದರಿಂದಲೇ. ಆದರೆ ಬಿಳಿ ಎಲ್‌ಇಡಿಯಲ್ಲೂ ಕೆಂಪು, ನೀಲಿ ಎರಡೂ ಇವೆ. ಆ ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾಗಿದೆಯಾ, ಹುಳ ಕೂತಿದೆಯಾ ಅಂತ ನಮಗೇ ಕಾಣುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ನಾಲ್ಕು ಅಡಿಯ, 20 ವಾಟಿನ ಬಿಳಿ ಎಲ್‌ಇಡಿ ಬ್ಯಾಟನ್ ಎರಡು ತನ್ನಿ. 6500 ಕೆಲ್ವಿನ್‌ನದು ಎಲ್ಲ ಕಡೆ ಸಿಗುತ್ತದೆ. ಪುಸ್ತಕದ ಕಪಾಟಿನ ಒಂದು ಅರೆಯ ಕೆಳಗೆ ನಾಲ್ಕು ಇಂಚು ಅಂತರದಲ್ಲಿ ಎರಡನ್ನೂ ಕಟ್ಟಿ. ಹಿಂದೆ, ಪಕ್ಕದಲ್ಲಿ ಬಿಳಿ ಥರ್ಮಾಕೋಲ್ ನಿಲ್ಲಿಸಿದರೆ ಸೋರಿಹೋಗುವ ಬೆಳಕು ಎಲೆಗೇ ವಾಪಸ್ ಬರುತ್ತದೆ. ಇಲ್ಲಿ ದೀಪ ಮೇಲೇರಿಸುವ ಬದಲು ಟ್ರೇಯ ಕೆಳಗೆ ಹಳೇ ಪುಸ್ತಕ ಜೋಡಿಸಿ, ಸಸಿ ಬೆಳೆದ ಹಾಗೆ ಒಂದೊಂದೇ ತೆಗೆಯಿರಿ. ಒಂದೆರಡು ಕಪ್ ಸಸಿಗಾದರೆ 9 ವಾಟಿನ ಒಂದು ಬಲ್ಬನ್ನು ಓದುವ ಟೇಬಲ್ ಲ್ಯಾಂಪಿಗೆ ಹಾಕಿ ಆರು ಇಂಚು ಮೇಲೆ ಬಗ್ಗಿಸಿಟ್ಟರೂ ನಡೆಯುತ್ತದೆ.

ಬಿಸಿಗೆ ನಮ್ಮ ನರ್ಸರಿಗಳವರ ದಾರಿ ಹಿಡಿಯಿರಿ. ಅವರು 98 ಗುಳಿಯ ಪ್ರೋಟ್ರೇಗೆ (ಸಸಿ ಮಾಡುವ ಪ್ಲಾಸ್ಟಿಕ್ ಟ್ರೇ) ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತುಂಬಿ, ಬಿತ್ತಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ನಾಲ್ಕೈದು ದಿನ ಹಾಗೇ ಬಿಟ್ಟು, ಮೊಳಕೆ ಕಂಡ ತಕ್ಷಣ ಬಿಡಿಸಿ ಹರಡುತ್ತಾರೆ. ಕರೆಂಟಿಲ್ಲ, ಮ್ಯಾಟಿಲ್ಲ. ನೀವೂ ಎರಡು ಟ್ರೇ ಪೇರಿಸಿ, ಮೇಲೆ ಖಾಲಿ ಟ್ರೇ ಮುಚ್ಚಿ, ಒಂದು ದಪ್ಪ ಟವೆಲ್ ಸುತ್ತಿ ಅಡುಗೆಮನೆಯ ಮೂಲೆಯಲ್ಲಿಡಿ. ಡಿಸೆಂಬರ್ ಚಳಿಗೂ ಇಷ್ಟು ಸಾಕು. ಪೇಪರಿನ ಮೊಟ್ಟೆ ಟ್ರೇ ಮಾತ್ರ ಬೇಡ. ಅದು ನೀರನ್ನೆಲ್ಲ ಹೀರಿ ಬೂಸು ಹಿಡಿಯುತ್ತದೆ. ತಳಕ್ಕೆ ತೂತು ಮಾಡಿದ ಕಾಗದದ ಟೀ ಲೋಟ ಅದಕ್ಕಿಂತ ಎಷ್ಟೋ ಮೇಲು.

ಕೊತ್ತಂಬರಿ, ಪಾಲಕ್, ಲೆಟ್ಯೂಸ್‌ಗಳನ್ನು ಈ ಬೆಚ್ಚಗಿನ ಮೂಲೆಗೆ ತರಬೇಡಿ. ಅವು ತಂಪಿನವು. ಲೆಟ್ಯೂಸ್ ಬೀಜವಂತೂ ಮಣ್ಣು 30 ಡಿಗ್ರಿ ಸಮೀಪಿಸಿದರೆ ನಿದ್ದೆಗೆ ಜಾರುತ್ತದೆ. ಅದಕ್ಕೆ ಬೆಳಕೂ ಬೇಕು, ಹಾಗಾಗಿ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು.

ಪ್ರಶ್ನೆ: ನಮ್ಮದು ಮಡಿಕೇರಿ. ಮಳೆಗಾಲದಲ್ಲಿ ಹೊರಗೆ ಒಟ್ಲು ಹಾಕಲು ಆಗದೆ ಬದನೆ, ಮೆಣಸಿನಕಾಯಿ ಸಸಿಯನ್ನು ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ಮಾಡಿದೆ. ಚೆನ್ನಾಗಿ ಮೊಳೆಯಿತು. ಹತ್ತನೇ ದಿನ ಬುಡದಲ್ಲಿ ನೂಲಿನಷ್ಟು ಸಣ್ಣಗಾಗಿ, ಕಂದು ಬಣ್ಣ ತಿರುಗಿ ಒಂದೊಂದೇ ಮಲಗಿಬಿಟ್ಟವು. ಎರಡು ದಿನದಲ್ಲಿ ಟ್ರೇ ಖಾಲಿ. ಏನು ತಪ್ಪಾಯಿತು?

ಉತ್ತರ: ಓದಿ ಬೇಜಾರಾಯಿತು. ಮೊಳೆತು ನಿಂತ ಸಸಿ ಹೀಗೆ ಮಲಗುವುದನ್ನು ನೋಡುವುದು ಕಷ್ಟ. ಇದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಅನ್ನುವ ಮಣ್ಣಿನ ಸೂಕ್ಷ್ಮಜೀವಿಗಳು ಎಳೆ ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ತಿಂದುಹಾಕುತ್ತವೆ. ಹೀಗೆ ಬಿದ್ದ ಸಸಿ ಬದುಕುವುದಿಲ್ಲ. ಅದನ್ನೂ ಸುತ್ತಲಿನ ಮಣ್ಣನ್ನೂ ತೆಗೆದು ದೂರ ಎಸೆಯಿರಿ. ಇನ್ನೂ ನಿಂತಿರುವ ಸಸಿ ಇದ್ದರೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕ ಕಲಸಿ ಬುಡಕ್ಕೆ ಸುರಿಯಬಹುದು.

ಮುಂದಿನ ಸಲಕ್ಕೆ ತೋಟದ ಮಣ್ಣನ್ನು ಟ್ರೇಗೆ ತರಬೇಡಿ, ರೋಗ ಬರುವುದು ಅದರ ಜೊತೆಗೇ. ತೊಳೆದ ಕೊಕೊಪಿಟ್‌ಗೆ ಸ್ವಲ್ಪ ಎರೆಗೊಬ್ಬರ ಬೆರೆಸಿ. ಟ್ರೈಕೋಡರ್ಮಾ (ರೋಗ ತರುವ ಜೀವಿಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟು ಕಲಸಿ. ಬೀಜ ಒತ್ತೊತ್ತಾಗಿ ಹಾಕಬೇಡಿ. ನೀರನ್ನು ಮೇಲಿಂದ ಚಿಮುಕಿಸದೆ ತಟ್ಟೆಯಲ್ಲಿ ಹಾಕಿ ಕೆಳಗಿಂದ ಹೀರಲು ಬಿಡಿ. ಅರ್ಧ ಗಂಟೆಯ ಮೇಲೆ ಉಳಿದ ನೀರನ್ನು ಚೆಲ್ಲಿ. ಮಣ್ಣಿನ ಮೇಲ್ಭಾಗ ಒಣಗಿದ ಹಾಗೆ ಕಂಡ ಮೇಲೆಯೇ ಮತ್ತೆ ನೀರು.

ನಿಮ್ಮ ಊರಿಗೆ ಇವೆಲ್ಲಕ್ಕಿಂತ ದೊಡ್ಡ ಮದ್ದು ಗಾಳಿ. ಜುಲೈನಲ್ಲಿ ಮಡಿಕೇರಿಯ ಮನೆಯೊಳಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮಣ್ಣು ಹೇಗೆ ಒಣಗೀತು? ಒಂದು ಸಣ್ಣ ಟೇಬಲ್ ಫ್ಯಾನನ್ನು ಕಡಿಮೆ ವೇಗದಲ್ಲಿ, ಎಲೆ ಸ್ವಲ್ಪ ಅಲುಗುವಷ್ಟು, ಹಗಲೆಲ್ಲಾ ಹಾಕಿ. ಅಲುಗಾಡಿದ ಕಾಂಡ ದಪ್ಪವೂ ಆಗುತ್ತದೆ. ಮಳೆಗಾಲದಲ್ಲಿ ಬಟ್ಟೆಗೆ ಹಾಕುವ ಒಲೆಯ ಬಿಸಿ ಸಸಿಗೆ ಬೇಡ. ಮೊಳೆಯುವ ತನಕ ಸರಿ, ಆಮೇಲೆ ಬಿಸಿ ಮತ್ತು ತೇವ ಸೇರಿದರೆ ರೋಗಕ್ಕೆ ಹಬ್ಬ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಹಿತ್ತಲಿನಲ್ಲಿ ಅವರೆ ಹಾಕುತ್ತೇವೆ. ಬಳ್ಳಿ ಚಪ್ಪರ ತುಂಬುತ್ತದೆ. ಸೆಪ್ಟೆಂಬರ್ ಕೊನೆಗೆ ಹೂ ಬಿಡುತ್ತದೆ, ಕಾಯಿ ಬಲಿಯುವಷ್ಟರಲ್ಲಿ ಹಿಮ ಬಿದ್ದು ಎಲ್ಲ ಕರಗಿಹೋಗುತ್ತದೆ. ಮಾರ್ಚ್‌ನಲ್ಲೇ ದೀಪದ ಕೆಳಗೆ ಸಸಿ ಮಾಡಿದರೆ ಬೇಗ ಕಾಯಿ ಸಿಗುತ್ತದಾ?

ಉತ್ತರ: ಸಿಗುವುದಿಲ್ಲ. ಬಳ್ಳಿ ಇನ್ನೂ ದೊಡ್ಡದಾಗುತ್ತದೆ ಅಷ್ಟೇ. ನಾಟಿ ಅವರೆ ವಯಸ್ಸು ನೋಡಿ ಹೂ ಬಿಡುವುದಿಲ್ಲ, ಹಗಲಿನ ಉದ್ದ ನೋಡಿ ಬಿಡುತ್ತದೆ. ಹಗಲು ಕಿರಿದಾದರೆ ಹೂ. ಬೆಂಗಳೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ನಿಮ್ಮಲ್ಲಿ ಅದು 15 ಗಂಟೆ. ಸೆಪ್ಟೆಂಬರ್ ಕೊನೆಗೆ 12ಕ್ಕೆ ಇಳಿದಾಗಲೇ ನಿಮ್ಮ ಬಳ್ಳಿಗೆ ಅವರೆಯ ಕಾಲ ಬಂತು ಅನ್ನಿಸುತ್ತದೆ.

ಬೇಕಾದ್ದು ಬೇರೆ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟಿರುವ ಹೆಬ್ಬಾಳ ಅವರೆ 3 ಮತ್ತು 4 ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುತ್ತವೆ. ಗಿಡವೂ ಪೊದೆಯ ಹಾಗೆ ಗಿಡ್ಡ. ಆದರೆ ಬೀಜವನ್ನು ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ, ಅಮೆರಿಕಕ್ಕೆ ಬಿತ್ತನೆ ಬೀಜ ಒಯ್ಯಲು ಅಲ್ಲಿನ ಕೃಷಿ ಇಲಾಖೆ ಕೇಳುವ ಕಾಗದಪತ್ರ ಬೇಕು. ಅಲ್ಲೇ ಮಾರುವವರಲ್ಲಿ ಹಗಲಿನ ಉದ್ದಕ್ಕೆ ಕಟ್ಟುಬೀಳದ ಅವರೆ ಇದೆಯಾ ಅಂತ ಮೊದಲು ವಿಚಾರಿಸಿ. ಸಿಕ್ಕರೆ ಮೇ ಮೊದಲ ವಾರ ಕಾಗದದ ಲೋಟದಲ್ಲಿ ಲೋಟಕ್ಕೊಂದು ಬೀಜ ಹಾಕಿ ದೀಪದ ಕೆಳಗಿಡಿ. ಎರಡು-ಮೂರು ವಾರಕ್ಕೆ ಲೋಟವನ್ನು ಮೆಲ್ಲಗೆ ಹರಿದು, ಬೇರು ಅಲುಗದ ಹಾಗೆ ನೆಲಕ್ಕೆ ಇಳಿಸಿ.