ಓದುಗರ ಪ್ರಶ್ನೆ, ಟೀಚರಮ್ಮನ ಉತ್ತರ: ಪರಕೆ ಹಿಡಿದ ಕೈಗೆ ಏನ್ ಸಿಗತ್ತೆ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ ಸುತ್ಕೊಂಡಿವೆ, ಹೊಸ ವರ್ಷದ ವಾಗ್ದಾನದ ಕಾರ್ಡು. ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ, ನಮ್ಮ ಕಡೆ ತುಂಬಾ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ್ಮೇಲೆ ಒಂದು ಸ್ಟೀಲ್ ತಟ್ಟೇಲಿ ಬಸ್ ಟಿಕೆಟ್ ಥರ ಚಿಕ್ಕ ಚಿಕ್ಕ ಕಾರ್ಡು ಇಟ್ಟಿರ್ತಾರೆ, ಒಂದೊಂದ್ರಲ್ಲೂ ಒಂದು ಬೈಬಲ್ ವಚನ, ಕಣ್ಮುಚ್ಕೊಂಡು ಒಂದು ಎತ್ಕೋಬೇಕು, ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು ಅದೇ ಅಂತ. ಕೆಲವರು ಬೈಬಲ್ ಒಳಗಿಡ್ತಾರೆ, ಕೆಲವರು ಬೀರು ಬಾಗಿಲಿಗೆ ಅಂಟಿಸ್ತಾರೆ, ನಮ್ಮ ಪಕ್ಕದ್ಮನೆಯವ್ರು ಗ್ಯಾಸ್ ಬುಕ್ಕಲ್ಲಿ ಇಟ್ಕೊಂಡಿದಾರೆ, ಸಿಲಿಂಡರ್ ಬಂದಾಗೆಲ್ಲ ಓದಿದ ಹಾಗಾಗತ್ತಂತೆ.

ಮೊದಲನೇ ಪತ್ರ ಮಂಡ್ಯ ಕಡೆಯದ್ದು, ಅವರು ಬರೆದ ಹಾಗೇ ಹಾಕ್ತಿದೀನಿ.

ಪ್ರಶ್ನೆ: ಟೀಚರಮ್ಮ, ನಮ್ದು ಮದ್ದೂರು ತಾಲ್ಲೂಕು, ಊರ ಹೆಸ್ರು ಬ್ಯಾಡ. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಚರ್ಚ್ ಗುಡಿಸಿ ಒರೆಸ್ತಾ ಇವ್ನಿ, ಮಂಡಿ ನೋವಿದ್ರೂ ಹೋಗಿವ್ನಿ. ಮಗ ಡಿಪ್ಲೊಮಾ ಮುಗಿಸಿ ಮೂರು ವರ್ಷ ಆಯ್ತು, ಕೆಲ್ಸ ಇಲ್ಲ, ಮನೇಲೇ ಕೂತವ್ನೆ. ಹೋದ್ ವರ್ಷ ನಂಗೆ ಬಂದ ಕಾರ್ಡು ಯೆರೆಮೀಯ 29:11, ಹಿತದ ಯೋಚನೆ ಮಾಡಿವ್ನಿ ಅಂತ ದೇವರು ಹೇಳೋದು. ಈ ವರ್ಷನೂ ಅದೇ ಬಂತು ಕಣಮ್ಮ, ನಗ್ಬೇಕೋ ಅಳ್ಬೇಕೋ ತಿಳೀನಿಲ್ಲ. ಹೊರಗಡೆಯಿಂದ ಬಂದಿದ್ದ ಪ್ರಸಂಗಿಯೊಬ್ರು ನಿಮ್ಮ ನಂಬಿಕೇಲೇ ಏನೋ ಕೊರತೆ ಐತೆ ಅಂದ್ರು. ವರ್ಷಕ್ಕೆರಡ್ಸಲ ಚರ್ಚಿಗೆ ಬರೋರ ಮಗನಿಗೆ ಬೆಂಗ್ಳೂರಲ್ಲಿ ಕೆಲ್ಸ ಆಯ್ತು. ಈಗ ಪರಕೆ ಮುಟ್ಟಕ್ಕೇ ಮನಸ್ಸು ಬರಾಕಿಲ್ಲ. ದೇವರು ಮಾತು ತಪ್ಪಿದ್ನಾ, ಇಲ್ಲ ನಾನು ಮಾಡಿದ ಸೇವೆನೇ ಸರಿ ಇಲ್ವಾ?

ಉತ್ತರ: ತಾಯಿ, ಮೊದ್ಲು ಆ ಪ್ರಸಂಗಿ ವಿಷಯ ಮುಗಿಸ್ಬಿಡೋಣ. ಬೈಬಲಲ್ಲಿ ಕಷ್ಟದ ಮೇಲೆ ಕಷ್ಟ ಬಿದ್ದ ಯೋಬ ಅಂತೊಬ್ಬ ಬರ್ತಾನೆ, ಅವನ ಮೂರು ಜನ ಸ್ನೇಹಿತರು ಹೇಳಿದ್ದೂ ಹೆಚ್ಚುಕಮ್ಮಿ ಇದೇ, ನಿನ್ನಲ್ಲಿ ಏನೋ ತಪ್ಪಿದೆ ಅದಕ್ಕೇ ಹಿಂಗಾಯ್ತು ಅಂತ, ಪುಟಗಟ್ಟಲೆ ಹೇಳ್ತಾರೆ ಪುಣ್ಯಾತ್ಮರು. ಕೊನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗೋದು ಆ ಸ್ನೇಹಿತರ ಮೇಲೆ, ಯೋಬನ ಮೇಲಲ್ಲ. ಅದೂ ಯೋಬ ಏನು ಬಾಯ್ಮುಚ್ಕೊಂಡು ಕೂತಿರ್ಲಿಲ್ಲ, ನಿಮ್ಮ ಪತ್ರಕ್ಕಿಂತ ಹತ್ತು ಪಟ್ಟು ಜೋರಾಗಿ ದೇವರನ್ನೇ ಕೇಳಿದೋನು.

ಈಗ ಕಾರ್ಡು. ಆ ಕಾರ್ಡಲ್ಲಿ ಒಂದೇ ವಚನ ಹಿಡಿಯೋದು, ಆದ್ರೆ ಅದು ಒಂದು ಪತ್ರದ ನಡುವಿನ ಸಾಲು. ಬಾಬೆಲಿಗೆ ಸೆರೆ ಹೋಗಿದ್ದ ಜನಕ್ಕೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದ ಪತ್ರ ಅದು, 29ನೇ ಅಧ್ಯಾಯ ಪೂರ್ತಿ ಓದಿ. 11ಕ್ಕೆ ಮುಂಚೆ 10 ಇದೆಯಲ್ಲ, ಅಲ್ಲಿ 70 ವರ್ಷ ಆದ್ಮೇಲೆ ನಿಮ್ಮನ್ನ ವಾಪಸ್ ಕರ್ಕೊಂಡ್ಬರ್ತೀನಿ ಅಂತಿದೆ. ಎಪ್ಪತ್ತು! ಆ ಪತ್ರ ಓದಿಸ್ಕೊಂಡು ಕೇಳಿದ ನಲವತ್ತು ವರ್ಷದ ಹೆಂಗಸು ಒಬ್ಳು ಇದ್ಳು ಅಂದ್ಕೊಳ್ಳಿ, ಅವಳಿಗೆ ತಕ್ಷಣ ಗೊತ್ತಾಗಿರತ್ತೆ ನಾನು ಊರು ನೋಡಲ್ಲ, ನನ್ನ ಮೊಮ್ಮಕ್ಕಳು ನೋಡ್ತಾರೆ ಅಂತ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಇನ್ನೊಬ್ಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗತ್ತೆ ಅಂತ ಜನರ ಮುಂದೆ ಹೇಳಿದ್ದ, ಚಪ್ಪಾಳೆ ಬಿದ್ದಿದ್ರೆ ಅವನಿಗೇ ಬಿದ್ದಿರತ್ತೆ, ಆದ್ರೆ ಅವನದ್ದು ಸುಳ್ಳು. ಆ 70 ವರ್ಷ ಏನ್ಮಾಡ್ಬೇಕು ಅಂತಾನೂ ಯೆರೆಮೀಯ ಬರೀತಾನೆ, ಮನೆ ಕಟ್ಕೊಳ್ಳಿ, ತೋಟ ಮಾಡ್ಕೊಂಡು ಹಣ್ಣು ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರೋ ಊರಿಗೆ ಒಳ್ಳೇದಾಗ್ಲಿ ಅಂತ ಪ್ರಾರ್ಥನೆ ಮಾಡಿ. ಆ ಊರು ಯಾವುದು, ಅವರನ್ನ ಸೆರೆ ಹಿಡಿದೋರ ಊರು.

ನೀವು ಮದ್ದೂರಿನೋರು, ನಾಲೆ ಕೊನೆ ಕಡೆಯೋರಿಗೆ ನಾನು ಇದನ್ನ ಬಿಡಿಸಿ ಹೇಳೋದೇ ಬೇಡ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬ್ತು ಅಂತ ಟಿವೀಲಿ ತೋರಿಸಿದ ದಿನಾನೇ ನಿಮ್ಮ ಗದ್ದೆಗೆ ನೀರು ಬರಲ್ಲ, ಮೇಲಿನೋರದ್ದೆಲ್ಲ ಆಗ್ಬೇಕು, ಆದ್ರೂ ನೀವು ಸಸಿಗೆ ಒಟ್ಲು ಹಾಕ್ತೀರ. ಉದಾಹರಣೆ ಪೂರ್ತಿ ಹೊಂದಲ್ಲ ಅಂತ ನಂಗೂ ಗೊತ್ತು, ನಾಲೆ ನೀರು ಬರದೇ ಹೋದ ವರ್ಷಗಳೂ ಇವೆ. ನಾನು ಹೇಳ್ತಿರೋದು ಇಷ್ಟೇ, ತಡ ಆಗೋದೂ ಮಾತು ತಪ್ಪೋದೂ ಒಂದಲ್ಲ. ಅಬ್ರಹಾಮ ದೇವರ ಮಾತು ಕೇಳ್ಕೊಂಡು ಹಾರಾನ್ ಬಿಟ್ಟಾಗ 75 ವರ್ಷ, ದೇವರು ಮಾತು ಕೊಟ್ಟಿದ್ದ ಮಗ ಇಸಾಕ ಹುಟ್ಟಿದಾಗ 100. ಮಧ್ಯೆ ತಡ್ಕೊಳಕ್ಕಾಗ್ದೆ ದೇವರ ಮಾತನ್ನ ತಾವೇ ನೆರವೇರಿಸಕ್ಕೆ ಹೋಗಿ ಮನೆ ದಾಸಿ ಹಾಗರಳಿಂದ ಮಗು ಪಡೆಯೋ ವಿಷಯದಲ್ಲಿ ಗಂಡ ಹೆಂಡ್ತಿ ಇಬ್ರೂ ಮಾಡ್ಕೊಂಡ ರಾದ್ಧಾಂತ ನಿಮಗೆ ಗೊತ್ತೇ ಇದೆ. ಮತ್ತೆ ನಿಮ್ಮ ಮಗನಿಗೆ ಇಂಥ ತಿಂಗಳು ಇಂಥ ಕಡೆ ಕೆಲಸ ಅಂತ ಆ ವಚನದಲ್ಲಿ ಎಲ್ಲೂ ಇಲ್ಲ ತಾಯಿ, ಅದನ್ನ ನಾವು ಸೇರಿಸ್ಕೊಂಡಿದ್ದು. "ಲೋಕದಲ್ಲಿ ನಿಮಗೆ ಸಂಕಟ ಉಂಟು" ಅಂತ ಯೇಸು ಹೇಳಿದ್ದೂ ಮಾತೇ, ಯೋಹಾನ 16:33, ಧೈರ್ಯವಾಗಿರಿ ಅಂತ ಅದರ ಜೊತೆಗೇ ಇದೆ. ಆ ಅರ್ಧ ವಚನದ ಕಾರ್ಡು ನಾನಂತೂ ಇವತ್ತಿನವರೆಗೂ ತಟ್ಟೇಲಿ ನೋಡಿಲ್ಲ, ಪ್ರಿಂಟ್ ಮಾಡಿದ್ರೆ ಯಾರು ತಗೋತಾರೆ ಹೇಳಿ.

ಇನ್ನು ಪರಕೆ. ನಿಮ್ಮ ಪ್ರಶ್ನೆಯ ಗಂಟು ಇರೋದು ಇಲ್ಲೇ ಅಂತ ನಂಗನ್ಸತ್ತೆ. ಮತ್ತಾಯ 19ರಲ್ಲಿ ಯೇಸುವಿನ ಶಿಷ್ಯ ಪೇತ್ರ ನೇರವಾಗಿ ಕೇಳ್ತಾನೆ, ನಾವು ಎಲ್ಲಾ ಬಿಟ್ಟು ನಿನ್ನ ಹಿಂದೆ ಬಂದ್ವಲ್ಲ, ನಮಗೇನ್ ಸಿಗತ್ತೆ? ಯೇಸು ಬೈಯಲಿಲ್ಲ, ಸಿಗತ್ತೆ ಅಂದ, ನೂರರಷ್ಟು ಅಂದ. ಆದ್ರೆ ಅಷ್ಟಕ್ಕೇ ಬಿಡದೆ 20ನೇ ಅಧ್ಯಾಯದಲ್ಲಿ ಒಂದು ಕಥೆ ಹೇಳ್ತಾನೆ, ದ್ರಾಕ್ಷಿ ತೋಟದ ಯಜಮಾನ ಕೂಲಿಯಾಳು ಕರ್ಕೊಂಡ್ಬರೋ ಕಥೆ. ಬೆಳಿಗ್ಗೆ ಹೊತ್ತಾರೆ ಒಂದು ಗುಂಪು, ಒಂಬತ್ತಕ್ಕೆ ಒಂದು, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಕರ್ಕೊಂಡ್ಬರ್ತಾನೆ. ಎಲ್ಲಾರಿಗೂ ಕೊನೆಗೆ ಒಂದೇ ಬೆಳ್ಳಿ ನಾಣ್ಯ, ಅವತ್ತಿನ ಕಾಲಕ್ಕೆ ಒಂದು ದಿನದ ಕೂಲಿ. ಬೆಳಿಗ್ಗೆಯೋರು ಗೊಣಗ್ತಾರೆ, ಬಿಸಿಲಲ್ಲಿ ಬೆಂದೋರು ನಾವು ಅಂತ. ಕಬ್ಬು ಕಡಿಯೋ ಆಳುಗಳಿಗೆ ಹಿಂಗ್ ಮಾಡಿ ನೋಡಿ, ಮಚ್ಚು ಎಸೆದು ಹೋಗ್ತಾರೆ, ನ್ಯಾಯಾನೇ ಅದು!

ನಾನು ನಲವತ್ತು ವರ್ಷ ಸಂಡೇ ಸ್ಕೂಲಲ್ಲಿ ಈ ಕಥೆ ಹೇಳ್ಕೊಟ್ಟು ಇತ್ತೀಚೆಗೆ ಕಣ್ಣಿಗೆ ಬಿದ್ದಿದ್ದು ಒಂದು ಚಿಕ್ಕ ವಿಷಯ. ಕೂಲಿ ಇಷ್ಟು ಅಂತ ಮಾತಾಡ್ಕೊಂಡು ತೋಟಕ್ಕೆ ಹೋದೋರು ಮೊದಲನೇ ಗುಂಪು ಮಾತ್ರ. ಒಂಬತ್ತು ಗಂಟೆಯೋರಿಗೆ ಯಜಮಾನ ಹೇಳಿದ್ದು, ಯಾವುದು ನ್ಯಾಯವೋ ಅದನ್ನ ಕೊಡ್ತೀನಿ ಹೋಗಿ ಅಂತ, ಅಷ್ಟೇ. ಎಷ್ಟು ಅಂತ ಅವರು ಕೇಳಲಿಲ್ಲ, ಆ ಮನುಷ್ಯನ ಮೇಲೆ ಭರವಸೆ ಇಟ್ಟು ಹೋದ್ರು. ಸಂಜೆ ಗೊಣಗಿದ್ದು ಯಾರು? ಗುತ್ತಿಗೆ ಮಾತಾಡ್ಕೊಂಡು ಬಂದೋರು. ದುಡ್ಡು ಮೋಸ ಏನಾಗಿಲ್ಲ ಅವರಿಗೆ, ಪೂರ್ತಿ ಕೂಲಿ ಕೈಗೆ ಬಂದಿದೆ, ಆದ್ರೂ ಪಕ್ಕದೋನ ಕೈ ನೋಡಿ ಹೊಟ್ಟೆ ಉರೀತು. ನಿಮ್ಮ ಪತ್ರದಲ್ಲಿ ಬೆಂಗ್ಳೂರಲ್ಲಿ ಕೆಲ್ಸ ಸಿಕ್ಕ ಹುಡುಗ ಬರ್ತಾನಲ್ಲ, ಅಲ್ಲಿ ನಂಗೆ ಇದು ನೆನಪಾಯ್ತು, ತಪ್ಪು ತಿಳ್ಕೋಬೇಡಿ.

ನೀವು ಹನ್ನೊಂದು ವರ್ಷದ ಹಿಂದೆ ಪರಕೆ ಹಿಡಿದಾಗ ಮಗ ಇನ್ನೂ ಚಿಕ್ಕೋನು, ಕೆಲಸದ ಮಾತೇ ಇರ್ಲಿಲ್ಲ. ಅಂದ್ರೆ ನೀವು ಶುರು ಮಾಡಿದ್ದು ಗುತ್ತಿಗೆಗಲ್ಲ. ಗುತ್ತಿಗೆ ಆಮೇಲೆ ಯಾವಾಗ್ಲೋ ಗೊತ್ತಿಲ್ಲದ ಹಾಗೆ ಒಳಗೆ ಬಂದು ಕೂತ್ಕೊಂಡಿದೆ, ಮೂರು ವರ್ಷದ ಸಂಕಟಕ್ಕೆ ಯಾರಿಗಾದ್ರೂ ಬರತ್ತೆ. ನನ್ನ ಸಲಹೆ ಕೇಳಿ ನಿಮ್ಮ ಚರ್ಚಿನ ಅಯ್ಯನವರು ನನ್ ಮೇಲೆ ಬೇಜಾರ್ ಮಾಡ್ಕೋಬಹುದು, ಆದ್ರೂ ಹೇಳ್ತೀನಿ. ಎರಡು ಶನಿವಾರ ಹೋಗ್ಬೇಡಿ. ಮಂಡಿಗೆ ಎಣ್ಣೆ ಹಚ್ಕೊಂಡು ಮನೇಲಿರಿ. ನೀವು ಗುಡಿಸದೇ ಇದ್ರೂ ದೇವರು ನಿಮ್ಮನ್ನ ನೋಡೋ ಕಣ್ಣು ಬದಲಾಗಲ್ಲ ಅಂತ ನಿಮಗೇ ಗೊತ್ತಾಗ್ಲಿ. ಮೂರನೇ ಶನಿವಾರ ಆ ಬಾಗಿಲು ತೆಗೆದಾಗ ಬರೋ ವಾಸನೆ, ಖಾಲಿ ಬೆಂಚು, ಅದೆಲ್ಲ ನೆನಪಾಗಿ ಹೋಗ್ಬೇಕು ಅನ್ಸಿದ್ರೆ ಹೋಗಿ, ಅನ್ಸದಿದ್ರೆ ಮತ್ತೆ ನಂಗೆ ಬರೀರಿ. ಹೋದ್ರೆ ಮಗನ್ನೂ ಕರ್ಕೊಂಡು ಹೋಗಿ, ಮನೇಲೇ ಕೂತಿದಾನೆ ಅಂದ್ರಲ್ಲ, ಬಕೆಟ್ ಅವನು ಹೊರ್ಲಿ. ಅವನ ಓದಿನ ವಿವರ ಇನ್ನೊಂದು ಕಾಗದದಲ್ಲಿ ಬರೆದು ಕಳ್ಸಿ, ಪತ್ರಿಕೇಲಿ ಹಾಕಲ್ಲ, ಗೊತ್ತಿರೋರ್ನ ನಾನೇ ಕೇಳ್ತೀನಿ.

ಪ್ರಶ್ನೆ: ದಶಮಾಂಶ (ಸಂಪಾದನೆಯ ಹತ್ತನೇ ಒಂದು ಪಾಲು) ಕೊಟ್ರೆ ಎಷ್ಟು ಪಟ್ಟು ವಾಪಸ್ ಬರತ್ತೆ, ಎಷ್ಟು ದಿನಕ್ಕೆ? (ಶ್ರೀರಂಗಪಟ್ಟಣ)

ಉತ್ತರ: ಚೀಟಿ ವ್ಯವಹಾರ ಕೇಳಿದ ಹಾಗೆ ಕೇಳಿದೀರ ಸ್ವಾಮಿ. ಮಲಾಕಿಯ 3:10 ಮನಸ್ಸಲ್ಲಿಟ್ಕೊಂಡು ಕೇಳಿದೀರ ಅಂತ ಗೊತ್ತು, ದಶಮಾಂಶ ತಂದ್ರೆ ಪರಲೋಕದ ಕಿಟಕಿ ತೆರೆದು ಆಶೀರ್ವಾದ ಸುರಿಸ್ತೀನಿ ಅಂತ ದೇವರು ಹೇಳೋದು. ಅದೇ ಪುಸ್ತಕದ ಮೊದಲನೇ ಅಧ್ಯಾಯನೂ ಓದಿ, ಕುರುಡು ಕುಂಟು ದನ ಕುರಿ ತಂದು ಯಜ್ಞಕ್ಕೆ ಕೊಡ್ತಿದ್ದೋರಿಗೆ, ಇದನ್ನ ನಿಮ್ಮ ಅಧಿಕಾರಿಗೆ ಕಾಣಿಕೆ ಕೊಟ್ಟು ನೋಡಿ ಅಂತಾನೆ ದೇವರು. ಎಷ್ಟು ಪಟ್ಟು ಅನ್ನೋದಕ್ಕೆ ನನ್ನ ಹತ್ರ ಟೇಬಲ್ ಇಲ್ಲ.

ಪ್ರಶ್ನೆ: ನಾವು ಕ್ಯಾಥೊಲಿಕ್ಕರು, ಆದ್ರೂ ನಿಮ್ಮ ಕಾಲಂ ಓದ್ತೀನಿ. ಮಗಳಿಗೆ ಸೀಟ್ ಸಿಕ್ರೆ ಸಂತ ಫಿಲೋಮಿನಾ ಚರ್ಚಿಗೆ ಒಂಬತ್ತು ವಾರ ನಡ್ಕೊಂಡು ಬಂದು ಮೇಣದಬತ್ತಿ ಹಚ್ತೀನಿ ಅಂತ ಹರಕೆ ಹೊತ್ತಿದ್ದೆ. ಸೀಟ್ ಸಿಕ್ತು, ನಡೀತಾ ಇದೀನಿ. ಆದ್ರೆ ಇದು ದೇವರ ಜೊತೆ ವ್ಯಾಪಾರ ಅಂತ ನನ್ನ ತಂಗಿ ಹೇಳಿದ್ಮೇಲೆ ಮನಸ್ಸು ಕಸಿವಿಸಿ ಆಗ್ಬಿಟ್ಟಿದೆ. (ಮೈಸೂರು)

ಉತ್ತರ: ಧಾರಾಳವಾಗಿ ಓದಿ, ಆ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು, ಅವರೇನು ಕ್ಯಾಥೊಲಿಕ್ಕರಾ. ನಾನೂ ಎಷ್ಟೋ ಸಲ ಆ ನೆಲಮಾಳಿಗೆಗೆ ಇಳಿದು ಸುಮ್ನೆ ಕೂತು ಬಂದಿದೀನಿ, ಹೊರಗೆ ಎಷ್ಟೇ ಗಲಾಟೆ ಇದ್ರೂ ಒಳಗೆ ತಂಪು.

ನಿಮ್ಮ ತಂಗಿ ಹೇಳಿದ್ರಲ್ಲಿ ಅರ್ಧ ಸತ್ಯ ಇದೆ. ಆದ್ರೆ ಯಾಕೋಬನ್ನ ನೋಡಿ, ಆದಿಕಾಂಡ 28. ಅಣ್ಣನಿಗೆ ಹೆದರಿ ಓಡಿಹೋಗ್ತಾ ಬೇತೇಲಲ್ಲಿ ಕಲ್ಲು ತಲೆಗಿಟ್ಕೊಂಡು ಮಲಗಿ ಎದ್ದು ಹೊತ್ತ ಹರಕೆ ಎಂಥದ್ದು, ನೀನು ನನ್ನ ಕಾಪಾಡಿ, ಊಟ ಬಟ್ಟೆ ಕೊಟ್ಟು, ಸುಖವಾಗಿ ಊರಿಗೆ ವಾಪಸ್ ಕರ್ಕೊಂಡ್ಬಂದ್ರೆ ನೀನೇ ನನ್ನ ದೇವರು ಅಂತ. ಪಕ್ಕಾ ವ್ಯಾಪಾರಸ್ಥ, ಕೊನೇಲಿ ಹತ್ತನೇ ಒಂದು ಪಾಲು ಕೊಡ್ತೀನಿ ಅಂತ ರೇಟೂ ಹೇಳ್ಬಿಡ್ತಾನೆ! ತಮಾಷೆ ಏನಂದ್ರೆ ಕಾಪಾಡ್ತೀನಿ ವಾಪಸ್ ಕರ್ಕೊಂಡ್ಬರ್ತೀನಿ ಅಂತ ಅವತ್ತು ರಾತ್ರಿ ಕನಸಲ್ಲೇ ದೇವರು ಹೇಳಿ ಆಗಿತ್ತು, ಪುಕ್ಕಟೆ ಕೊಟ್ಟಿದ್ದಕ್ಕೆ ಇವನು ಬೆಳಿಗ್ಗೆ ಎದ್ದು ಚೌಕಾಸಿಗಿಳಿದ. ದೇವರು ಅದಕ್ಕೂ ಸಿಟ್ಟಾಗಲಿಲ್ಲ. ಇಪ್ಪತ್ತು ವರ್ಷ ಆದ್ಮೇಲೆ ಅದೇ ಯಾಕೋಬ, 32ನೇ ಅಧ್ಯಾಯದಲ್ಲಿ, ಕೈಯಲ್ಲೊಂದು ಕೋಲು ಬಿಟ್ರೆ ಏನೂ ಇಲ್ಲದೆ ಈ ಹೊಳೆ ದಾಟಿದ್ದೆ, ನೀನು ಕೊಟ್ಟಿದ್ದಕ್ಕೆ ನಾನು ಯೋಗ್ಯನೇ ಅಲ್ಲ ಅಂತಾನೆ. ಮಧ್ಯದ ಇಪ್ಪತ್ತು ವರ್ಷ ಬೇಕಾಯ್ತು ಆ ಮಾತು ಬಾಯಲ್ಲಿ ಬರಕ್ಕೆ. ನೀವು ಒಂಬತ್ತು ವಾರ ನಡೆದು ಮುಗ್ಸಿ. ಹತ್ತನೇ ವಾರ ಏನೂ ಕೇಳ್ದೆ ಒಂದ್ಸಲ ಹೋಗಿ ಬನ್ನಿ, ಸಿಟಿ ಬಸ್ಸಲ್ಲೇ ಹೋಗಿ ಪರವಾಗಿಲ್ಲ.

ಪ್ರಶ್ನೆ: ಚರ್ಚಲ್ಲಿ ಕೀಬೋರ್ಡ್ ನುಡಿಸ್ತೀನಿ ಮ್ಯಾಮ್. ನಿಜ ಹೇಳ್ಬೇಕಂದ್ರೆ ಆರಾಧನೆ ಮುಗಿದ್ಮೇಲೆ ಯಾರಾದ್ರೂ ಬಂದು ಸೂಪರ್ ಬ್ರದರ್ ಅನ್ಲಿ ಅಂತ ಕಾಯ್ತೀನಿ, ವಿಡಿಯೋ ಹಾಕಿದ್ರೆ ಎಷ್ಟು ಲೈಕ್ ಅಂತ ನೋಡ್ತೀನಿ. ಉದ್ದೇಶ ಶುದ್ಧ ಇಲ್ಲದ ಸೇವೆ ದೇವರಿಗೆ ಬೇಡ ಅಂತ ಓದಿದ್ಮೇಲೆ ಬಿಟ್ಬಿಡೋಣ ಅನ್ಸಿದೆ. (ಮೈಸೂರು, ಕುವೆಂಪುನಗರ)

ಉತ್ತರ: ಬಿಟ್ರೆ ಭಾನುವಾರ ನುಡಿಸೋರ್ಯಾರು? ಶುದ್ಧ ಉದ್ದೇಶ ಬರ್ಲಿ ಆಮೇಲೆ ಸೇವೆ ಮಾಡ್ತೀನಿ ಅಂತ ಕೂತ್ರೆ ಯಾವ ಚರ್ಚಲ್ಲೂ ಗಂಟೆ ಹೊಡೆಯಕ್ಕೂ ಜನ ಇರಲ್ಲ ಕಣಪ್ಪ. ಯೇಸುವಿನ ಸಂದೇಶ ಊರೂರಿಗೆ ಸಾರಿದ ಪೌಲ ಜೈಲಲ್ಲಿ ಕೂತು ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲನೇ ಅಧ್ಯಾಯ ತೆಗಿ, ಕೆಲವರು ಹೊಟ್ಟೆಕಿಚ್ಚಿಗೆ, ನನಗೆ ನೋವು ಕೊಡಕ್ಕೇ ಕ್ರಿಸ್ತನ್ನ ಸಾರ್ತಿದಾರೆ ಅಂತಾನೆ, ಅಂದ್ಮೇಲೂ ಏನಾದ್ರಾಗ್ಲಿ ಕ್ರಿಸ್ತನ ಹೆಸರು ಸಾರಿದ ಹಾಗಾಯ್ತಲ್ಲ ಅಂತ ಖುಷಿ ಪಡ್ತಾನೆ. ಅವರ ಉದ್ದೇಶ ಸರಿ ಅಂತ ಅವನು ಹೇಳಲಿಲ್ಲ, ಗಮನಿಸು. ನಿಂಗೆ ನಿನ್ನ ಉದ್ದೇಶ ಕಾಣ್ತಿದೆಯಲ್ಲ, ಅದು ಸಣ್ಣ ವಿಷಯ ಅಲ್ಲ, ನಂಗೆ ನಂದು ಕಂಡಿದ್ದು ತುಂಬಾ ತಡವಾಗಿ.

1994ರಲ್ಲಿ ನಂಗೆ ಸಂಬಳದ ಅರಿಯರ್ಸ್ ಬಂತು, ಆಗ ನಾನು ಹೋಗ್ತಿದ್ದ ಚರ್ಚಿಗೆ ಒಂದು ಸೀಲಿಂಗ್ ಫ್ಯಾನ್ ಕೊಡಿಸ್ದೆ. ಆಗೆಲ್ಲ ಕೊಟ್ಟೋರ ಹೆಸರು ಫ್ಯಾನಿನ ರೆಕ್ಕೆ ಮೇಲೆ ಕೆಂಪು ಪೇಂಟಲ್ಲಿ ಬರೆಸ್ತಿದ್ರು. ಪೇಂಟರ್ ಬರೆದ ನೋಡು, ನಮ್ಮ ಯಜಮಾನ್ರ ಹೆಸರು, ಅವರ ಇನಿಷಿಯಲ್ಲು, ಮತ್ತು ಕುಟುಂಬ. ದುಡ್ಡು ನಂದು, ನಾನು ಬರೀ "ಮತ್ತು ಕುಟುಂಬ"! ಮರ್ಯಾದೆಗೆ ಯಾರಿಗೂ ಹೇಳ್ಕೊಳ್ಳೋ ಹಾಗಿಲ್ಲ, ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು ಅಂತ ಸಂಡೇ ಸ್ಕೂಲಲ್ಲಿ ಹೇಳ್ಕೊಡೋಳೇ ನಾನು. ಆರು ತಿಂಗಳು ಕುದ್ದೆ. ಫ್ಯಾನ್ ತಿರುಗ್ತಿರೋವಾಗ ಹೆಸರು ಕಾಣಲ್ಲ, ಕರೆಂಟ್ ಹೋದ ತಕ್ಷಣ ನಿಧಾನಕ್ಕೆ ನಿಂತು ಸರಿಯಾಗಿ ನನ್ನ ಕಣ್ಮುಂದೆ ಆ ರೆಕ್ಕೆ ಬರೋದು, ಆಗ ಕರೆಂಟೂ ದಿನಾ ಹೋಗೋದು, ಅಯ್ಯನವರ ಪ್ರಸಂಗ ಏನು ಕಿವಿಗೆ ಬೀಳತ್ತೆ. ಕೊನೆಗೆ ನಾನೇ ಜಾಗ ಬದಲಾಯಿಸಿ ಕಂಬದ ಹಿಂದೆ ಕೂರಕ್ಕೆ ಶುರು ಮಾಡ್ದೆ.

ನಿಂಗೆ ಮಾಡಕ್ಕೆ ಒಂದು ಕೆಲಸ ಹೇಳ್ತೀನಿ. ಕೀಬೋರ್ಡ್ ಬಿಡ್ಬೇಡ, ಜೊತೆಗೆ ಯಾರಿಗೂ ಕಾಣದ್ದು ಇನ್ನೊಂದು ಹಿಡ್ಕೋ, ವೈರ್ ಸುತ್ತಿಡೋದೋ, ಊಟ ಆದ್ಮೇಲೆ ಕುಕ್ಕರ್ ತಿಕ್ಕೋದೋ, ನಡೆಯಕ್ಕಾಗದ ಅಜ್ಜಂದಿರನ್ನ ಗಾಡೀಲಿ ಮನೆಗೆ ಬಿಡೋದೋ. ಒಂದು ನಾಲ್ಕು ತಿಂಗಳು ಮಾಡು. ಅದನ್ನ ವಿಡಿಯೋ ಮಾತ್ರ ಮಾಡ್ಬೇಡ ಮಾರಾಯ. ಹೊಗಳಿಕೆ ಬಂದಾಗ ಥ್ಯಾಂಕ್ಸ್ ಅಂತ ಹೇಳಿ ಮುಗಿಸು, ಎಲ್ಲಾ ದೇವರಿಗೇ ಮಹಿಮೆ ಅಂತ ತಲೆ ಬಗ್ಗಿಸ್ಕೊಂಡು ಹೇಳೋದ್ರಲ್ಲೂ ಒಂದು ಥರ ಸ್ಟೈಲ್ ಬಂದ್ಬಿಡತ್ತೆ, ನಾನು ನೋಡಿದೀನಿ.

ಆ ಚರ್ಚಿಗೆ ಹೋದ ಸುಗ್ಗಿ ಹಬ್ಬಕ್ಕೆ ಹೋಗಿದ್ದೆ, ಕುಂಬಳಕಾಯಿ ಹರಾಜಾಗ್ತಿತ್ತು. ಫ್ಯಾನು ಇನ್ನೂ ಇದೆ, ಸ್ವಲ್ಪ ಕಿರ್ ಕಿರ್ ಅನ್ನತ್ತೆ, ಯಾವಾಗ್ಲೋ ಬಿಳೀ ಬಣ್ಣ ಹೊಡೆಸಿದಾರೆ, ಯಜಮಾನ್ರ ಹೆಸರೂ ಇಲ್ಲ ಕುಟುಂಬನೂ ಇಲ್ಲ. ಅದರ ಕೆಳಗೆ ಯಾರದ್ದೋ ಮಗು ಮಲಗಿತ್ತು, ಅದರ ಅಮ್ಮ ಆ ಕಡೆ ಹರಾಜು ಕೂಗ್ತಿದ್ರು, ನಾನು ಅಲ್ಲೇ ಪಕ್ಕದಲ್ಲಿ ಕೂತ್ಕೊಂಡು ಅದನ್ನ ನೋಡ್ಕೊಂಡೆ.