ದಿನಸಿ ಹಂಚುವಾಗ ನಿಜವಾಗಿ ಬೇಕಾದವರೇ ಬರುತ್ತಿಲ್ಲವೆಂದರೆ

30 ಮನೆ ಇದ್ದಾಗ ಸರಿಯಿತ್ತು, 100 ದಾಟಿದ ಮೇಲೆ ಕಷ್ಟದಲ್ಲಿರುವ ಅಕ್ಕಪಕ್ಕದವರೇ ನಿಮ್ಮ ಚರ್ಚ್ ಸಭೆ ಹಂಚುವ ದಿನಸಿಗೆ ಬರುತ್ತಿಲ್ಲ ಅಂದಿದ್ದೀರಿ. ಕಾರಣ ಬಹುಶಃ ದಿನಸಿ ಚೀಲಕ್ಕೆ ನಿಲ್ಲುವ ಸರತಿ ಸಾಲೇ. ಎಲ್ಲರ ಕಣ್ಣೆದುರು ನಿಲ್ಲಲು ನಾಚಿಕೆ. ಹಂಚುವ ಮೊದಲು ಪ್ರಾರ್ಥನೆಯೂ ಇದೆಯಲ್ಲ, ಅದಕ್ಕೆ ಕೂತರೆ ಮಾತ್ರ ಚೀಲ ಅಂತ ಜನ ತಿಳಿದುಕೊಂಡಿರಬಹುದು.

ಪ್ರಾರ್ಥನೆಯನ್ನೂ ಹಂಚಿಕೆಯನ್ನೂ ಬೇರೆ ಮಾಡಿ. ಪ್ರಾರ್ಥನೆ ಬೇರೆ ಹೊತ್ತಿಗೆ, ಬೇಕೆನ್ನುವವರಿಗೆ. ಆಮೇಲೆ ಎಲ್ಲರನ್ನೂ ಒಟ್ಟಿಗೆ ಕರೆಯಬೇಡಿ, ಅರ್ಧ ಗಂಟೆಗೆ ಹತ್ತು ಮನೆಯಂತೆ ಸಮಯ ಕೊಡಿ. ನಡೆಯಲಾಗದವರ ಮನೆಗೆ ಇಬ್ಬರು ಹೋಗಲಿ, ಒಬ್ಬರೇ ಬೇಡ. ನಮ್ಮಲ್ಲಿ ಒಬ್ಬ ಅಜ್ಜಿ ಬಾಗಿಲ ಸಂದಿಯಿಂದ ಕೈ ಚಾಚಿ, 'ಪಕ್ಕದವರು ನೋಡಿದ್ರಾ?' ಅಂತ ಕೇಳಿದರು. ಅವತ್ತಿನಿಂದ ಸಭೆಯ ಹೆಸರಿದ್ದ ಚೀಲ ಬಿಟ್ಟೆವು. ಫೋಟೋ ತೆಗೆಯುವುದನ್ನೂ.

ಇನ್ನು ಪಟ್ಟಿ. ಅದು ಪಾಸ್ಟರ್ ಒಬ್ಬರ ತಲೆಯಲ್ಲಿದ್ದರೆ ಯಾರಾದರೂ ಬಿಟ್ಟುಹೋಗುತ್ತಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಇದೇ ತಕರಾರು ಅಲ್ವಾ? ಯೇಸುವಿನ ಶಿಷ್ಯರ ಸಂಖ್ಯೆ ಹೆಚ್ಚಿದಾಗ ಗ್ರೀಕ್ ಮಾತಾಡುವವರ ಕಡೆಯ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಮರೆತರು. ಆ ಕೆಲಸಕ್ಕೆಂದೇ 7 ಜನರನ್ನು ಆರಿಸಿದರು, ಅವರ ಹೆಸರುಗಳೆಲ್ಲ ಗ್ರೀಕ್, ಅಂದರೆ ಬಹುಶಃ ಮರೆತುಹೋದವರ ಕಡೆಯವರೇ. ನಿಮ್ಮ ತಂಡದಲ್ಲೂ ಚೀಲ ಪಡೆಯುವ ಮನೆಯವರು ಒಬ್ಬಿಬ್ಬರು ಇರಲಿ. ಯಾರು ಹಸಿದಿದ್ದಾರೆ ಅನ್ನೋದು ಅವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ.

ನಾಚಿಕೆಯಲ್ಲದೆ ಕೆಲಸದ ವೇಳೆಯೇ ಅಡ್ಡಿಯಾಗಿರಲೂಬಹುದು. ಹಾಗಾಗಿ ಏನನ್ನೂ ಬದಲಿಸುವ ಮೊದಲು, ಬರುವುದು ಬಿಟ್ಟ ಐದು ಮನೆಗೆ ಈ ವಾರ ಹೋಗಿ. ಚೀಲ ಒಯ್ಯಬೇಡಿ, ಸುಮ್ನೆ ಕೂತು ಕೇಳಿ.